ಹರಕೆ ತೀರಿಸಲು ಎರಡು ಸಲ ಹೊರಟವನು: ಬ್ಲ್ವಾದ ಕೌಂಟ್ ಸ್ಟೀಫನ್ ಮತ್ತು ಅವನ ಮನೆಯವರು

ಹಳೆಕಡತ:

ಶಿಲುಬೆ ಯುದ್ಧ (ಕ್ರುಸೇಡ್) ಅಂದರೆ ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ್ದು ಇಷ್ಟೇ: ಪೋಪ್ ಕರೆ ಕೊಟ್ಟ, ಯೂರೋಪಿನವರು ಹೊರಟರು, ಜೆರುಸಲೇಮ್ ಗೆದ್ದರು, ಸಲಾದೀನ್ ವಾಪಸ್ ತೆಗೆದುಕೊಂಡ. ಹಾಗೆ ಹೊರಟವರಿಗೂ ಹೆಂಡತಿ ಮಕ್ಕಳು ಇದ್ದರು, ಅವರು ಹೋದ ಮೇಲೆ ಮನೆ, ಜಮೀನು, ನ್ಯಾಯ ಪಂಚಾಯಿತಿ ಎಲ್ಲ ಯಾರದೋ ಹೆಗಲ ಮೇಲೆ ಬಿತ್ತು ಅನ್ನುವುದನ್ನು ಯಾರೂ ಹೇಳಿಕೊಡಲಿಲ್ಲ. ನಾನು ಎರಡು ವರ್ಷದಿಂದ ಒಬ್ಬನ ಬೆನ್ನು ಹತ್ತಿದ್ದೇನೆ. ಅವನ ಬಗ್ಗೆ ಇಲ್ಲಿ ಮಾತಾಡೋಣ ಅಂತ ಈ ಎಳೆ ಶುರು ಮಾಡಿದ್ದೇನೆ.

ಹೆಸರು ಸ್ಟೀಫನ್, ಫ್ರೆಂಚರ ಬಾಯಲ್ಲಿ ಎತಿಯೆನ್. ಫ್ರಾನ್ಸಿನ ಬ್ಲ್ವಾ, ಶಾರ್ತ್ರ್, ಶಾತೋದಾಂ, ಮೋ, ಇಷ್ಟೂ ಸೀಮೆಗಳ ಕೌಂಟ್, ಅಂದರೆ ಒಡೆಯ. 1089ರಲ್ಲಿ ಅಪ್ಪ ಮೂರನೇ ತಿಬೋ ತೀರಿಕೊಂಡ ಮೇಲೆ ಇವೆಲ್ಲ ಅವನ ಕೈಗೆ ಬಂದವು. ವರ್ಷಕ್ಕೆ ಎಷ್ಟು ದಿನವೋ ಅಷ್ಟು ಕೋಟೆ ಅವನಿಗೆ ಅಂತ ಆ ಕಾಲದ ಗಿಬೇರ್ ಎಂಬ ಮಠಾಧಿಪತಿ ಬರೆದಿದ್ದಾನೆ. ಲೆಕ್ಕ ಸರಿಯೋ ಇಲ್ಲವೋ, ಜನ ಅವನನ್ನು ಎಂಥ ಸಿರಿವಂತ ಅಂದುಕೊಂಡಿದ್ದರು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಹೆಂಡತಿ ಅಡೇಲಾ, ಇಂಗ್ಲೆಂಡನ್ನು ಗೆದ್ದ ವಿಲಿಯಂನ ಮಗಳು.

1096ರ ಶರತ್ಕಾಲದಲ್ಲಿ ಮೊದಲ ಕ್ರುಸೇಡಿಗೆ ಹೊರಟ. ಜೊತೆಗೆ ಭಾವಮೈದ, ನಾರ್ಮಂಡಿಯ ಡ್ಯೂಕ್ ರಾಬರ್ಟ್. ಇಟಲಿ ದಾಟಿ, ದಕ್ಷಿಣದಲ್ಲಿ ಚಳಿಗಾಲ ಕಳೆದು, 1097ರ ಏಪ್ರಿಲಿನಲ್ಲಿ ಬ್ರಿಂಡಿಸಿಯಿಂದ ಹಡಗು ಹತ್ತಿದರು. ಕಣ್ಣೆದುರೇ ಒಂದು ಹಡಗು ಒಡೆದು ನೂರಾರು ಜನ ಮುಳುಗಿದರು. ಕಾನ್‌ಸ್ಟಾಂಟಿನೋಪಲ್ ಸೇರಿದರು, ನೈಸಿಯಾ ನಗರದ ಮುತ್ತಿಗೆಯಲ್ಲಿ ನಿಂತರು, ಆಮೇಲೆ ತುರ್ಕರ ಕೈಯಲ್ಲಿದ್ದ ಸಿರಿಯಾದ ಅಂತಿಯೋಕ್ ನಗರ. 1098ರ ಜೂನ್ 2ರಂದು, ಅಂತಿಯೋಕ್ ಅವರ ಕೈಗೆ ಬೀಳುವ ಹಿಂದಿನ ದಿನ, ಈ ಮನುಷ್ಯ ಕಾಯಿಲೆ ಅಂತ ಹೇಳಿ ಶಿಬಿರ ಬಿಟ್ಟು ಹೊರಟುಹೋದ. ಅಲ್ಲಿಂದ ಹಿಂದಿರುಗಿ ನೋಡದೆ ಊರಿಗೆ ಬಂದ.

ಒಂಬೈನೂರು ವರ್ಷದಿಂದ ಅವನಿಗೆ ಒಂದೇ ಬಿರುದು: ಹೇಡಿ. ಆದರೆ ಅವನು ದಾರಿಯಿಂದ ಹೆಂಡತಿಗೆ ಬರೆದ ಎರಡು ಪತ್ರ ನಮಗೆ ಉಳಿದಿವೆ. ಅವನ್ನು ಓದಿದ ಮೇಲೆ ಆ ಒಂದು ಪದದಲ್ಲಿ ಅವನನ್ನು ಮುಗಿಸಲು ನನಗೆ ಮನಸ್ಸು ಬರುತ್ತಿಲ್ಲ. ನೀವೆಲ್ಲ ಏನಂತೀರಿ?

ತುಂಗಾತೀರ:

ಪತ್ರದಲ್ಲಿ ಏನಿದೆ ಅಂತ ಹೇಳಿ ಸರ್, ಆಮೇಲೆ ತೀರ್ಮಾನ. ಅಂದಹಾಗೆ ಅವನೇ ಕೈಯಾರೆ ಬರೆದದ್ದಾ?

ಹಳೆಕಡತ:

ಅವನು ಹೇಳಿದ್ದನ್ನು ಜೊತೆಗಿದ್ದ ಪಾದ್ರಿ ಲ್ಯಾಟಿನ್‌ನಲ್ಲಿ ಬರೆದದ್ದು. ಪಾದ್ರಿಯ ಹೆಸರು ಅಲೆಕ್ಸಾಂಡರ್ ಅಂತ ಪತ್ರದಲ್ಲೇ ಬರುತ್ತದೆ. ಒಟ್ಟು ಮೂರು ಬರೆಸಿದ್ದ. ಕಾನ್‌ಸ್ಟಾಂಟಿನೋಪಲ್‌ನಿಂದ ಕಳಿಸಿದ ಮೊದಲನೆಯದು ಕಳೆದುಹೋಗಿದೆ. ಉಳಿದದ್ದು 1097ರ ಜೂನಿನಲ್ಲಿ ನೈಸಿಯಾದಿಂದ ಬರೆಸಿದ್ದು, 1098ರ ಮಾರ್ಚ್ 29ರಂದು ಅಂತಿಯೋಕ್ ಮುಂದಿನಿಂದ ಬರೆಸಿದ್ದು.

ನೈಸಿಯಾದ ಪತ್ರದಲ್ಲಿ ಅವನು ಸಂತೋಷದಲ್ಲಿದ್ದಾನೆ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಅಲೆಕ್ಸಿಯೋಸ್ ತನ್ನನ್ನು ಮಗನ ಹಾಗೆ ನೋಡಿಕೊಂಡ, ಹತ್ತು ದಿನ ಇಟ್ಟುಕೊಂಡು ಸತ್ಕರಿಸಿದ ಅಂತಾನೆ. ನಿನ್ನ ಅಪ್ಪ ಕೊಡುಗೈಯವನೇ, ಆದರೆ ಈತನ ಮುಂದೆ ಅವನದು ಏನೇನೂ ಅಲ್ಲ ಅಂತ ಹೆಂಡತಿಗೇ ಬರೆಯುತ್ತಾನೆ. ಇಂಗ್ಲೆಂಡ್ ಗೆದ್ದ ಮಾವನ ಬಗ್ಗೆ ಹೀಗೆ ಬರೆಯಬೇಕಾದರೆ ಗಂಡ ಹೆಂಡಿರ ನಡುವೆ ಎಷ್ಟು ಸಲಿಗೆ ಇದ್ದಿರಬೇಕು! ಇನ್ನೊಂದು ಮಾತಿದೆ: ನಿಮ್ಮ ಮಕ್ಕಳಲ್ಲಿ ಒಬ್ಬನನ್ನು ನನ್ನ ಹತ್ತಿರ ಕಳಿಸು, ದೊಡ್ಡ ಮರ್ಯಾದೆ ಕೊಡುತ್ತೇನೆ ಅಂತ ಚಕ್ರವರ್ತಿ ಕೇಳಿದನಂತೆ. ಅದನ್ನು ಮನೆಗೆ ತಿಳಿಸಬೇಕು ಅನ್ನಿಸಿದೆ ಅವನಿಗೆ.

ಆಮೇಲೆ ಬರುವ ಸಾಲು ನನ್ನನ್ನು ಬಹಳ ಕಾಡಿದೆ. ಇಲ್ಲಿಂದ ಐದು ವಾರದಲ್ಲಿ ಜೆರುಸಲೇಮಿನಲ್ಲಿ ಇರುತ್ತೇವೆ, ಅಂತಿಯೋಕ್ ಅಡ್ಡ ನಿಲ್ಲದಿದ್ದರೆ. ಅವರ ಪಡೆ ಜೆರುಸಲೇಮ್ ಗೋಡೆಯ ಕೆಳಗೆ ಬಂದು ನಿಂತದ್ದು 1099ರ ಜೂನಿನಲ್ಲಿ. ಐದು ವಾರ ಅಂದದ್ದು ಎರಡು ವರ್ಷವಾಯಿತು. ಅಡ್ಡ ನಿಂತದ್ದು ಅಂತಿಯೋಕೇ.

ಕಾವೇರಿಕೂಸು:

ಇದನ್ನು ಓದಿ ನನಗೆ ನಮ್ಮ ಮನೆಯ ಟ್ರಂಕಿನಲ್ಲಿರುವ ಇನ್‌ಲ್ಯಾಂಡ್ ಲೆಟರುಗಳು ನೆನಪಾದವು. ನಮ್ಮಪ್ಪ ಸೇನೆಯಲ್ಲಿದ್ದವರು. ಎಲ್ಲಿದ್ದರೂ ಮೊದಲ ಸಾಲು "ಉಭಯ ಕುಶಲೋಪರಿ ಸಾಂಪ್ರತ". ಆಮೇಲೆ ಊಟ ಚೆನ್ನಾಗಿದೆ, ಚಳಿ ಜಾಸ್ತಿ, ಮಕ್ಕಳ ಫೀಸ್ ಕಟ್ಟಿದೆಯಾ, ಗದ್ದೆಗೆ ನೀರು ಬಿಟ್ಟರಾ. ಅವರು ಎಂಥ ಜಾಗದಲ್ಲಿದ್ದರು ಅನ್ನುವುದು ಅಮ್ಮನಿಗೆ ತಿಳಿದದ್ದು ಅವರು ನಿವೃತ್ತಿಯಾಗಿ ಬಂದ ಮೇಲೆ. "ಎಲ್ಲ ಸರಿಯಾಗಿದೆ" ಅಂತ ಬರೆದ ಪತ್ರಗಳನ್ನೇ ಅಮ್ಮ ಬೆರಳಿಟ್ಟು ಓದುತ್ತಿದ್ದರು, ಯಾವ ಅಕ್ಷರ ನಡುಗಿದೆ ಅಂತ ನೋಡಲು.

ಅಂತಿಯೋಕ್ ಪತ್ರದಲ್ಲಿ ಅವನು ಹೇಗಿದ್ದಾನೆ? ಓಡಿಹೋಗುವುದಕ್ಕೆ ಎರಡು ತಿಂಗಳು ಮುಂಚಿನದು ಅಲ್ಲವಾ ಅದು?

ಹಳೆಕಡತ:

ಸರಿಯಾಗಿ ಎರಡು ತಿಂಗಳು ನಾಲ್ಕು ದಿನ. ನೀವು ಹೇಳಿದ ಹಾಗೆಯೇ ಇದೆ ಮೇಡಂ. ನಿನ್ನ ಹತ್ತಿರ ಕಳಿಸಿದ ದೂತ ನನ್ನನ್ನು ಬಿಟ್ಟು ಬರುವಾಗ ನಾನು ಕ್ಷೇಮವಾಗಿದ್ದೆ ಅಂತ ಶುರು. ನೀನು ಕೊಟ್ಟು ಕಳಿಸಿದ ಚಿನ್ನ, ಬೆಳ್ಳಿ, ಸಂಪತ್ತು ಈಗ ಎರಡರಷ್ಟಾಗಿದೆ ಅಂತಾನೆ. ಗಮನಿಸಿ, "ನೀನು ಕೊಟ್ಟದ್ದು". ಆಮೇಲೆ ದೊಡ್ಡ ಸುದ್ದಿ: ಎಲ್ಲ ನಾಯಕರೂ ಸೇರಿ ನನ್ನನ್ನೇ ಇಡೀ ಪಡೆಯ ಒಡೆಯನಾಗಿ, ಮೇಲ್ವಿಚಾರಕನಾಗಿ ಆರಿಸಿದ್ದಾರೆ. ಅವನ ವಿರೋಧಿಗಳು ಬರೆದ ಚರಿತ್ರೆಯಲ್ಲೂ ಈ ಮಾತಿದೆ, ಆದ್ದರಿಂದ ಜಂಬ ಅನ್ನುವ ಹಾಗಿಲ್ಲ. ಮುಖ್ಯವಾಗಿ ದವಸ ಧಾನ್ಯ ಹೊಂದಿಸುವ ಹೊಣೆ ಇರಬಹುದು ಅಂತ ಕೆಲವು ಇತಿಹಾಸಕಾರರ ಊಹೆ.

ಕಷ್ಟ ಇಣುಕುವುದು ಹವೆಯ ಮಾತಿನಲ್ಲಿ. ಸಿರಿಯಾದಲ್ಲಿ ಬಿಸಿಲು ತಡೆಯಲಾಗದು ಅಂತಾರಲ್ಲ, ಅದು ಸುಳ್ಳು, ಇಲ್ಲಿನ ಚಳಿಗಾಲ ನಮ್ಮ ಕಡೆಯ ಚಳಿಗಾಲದಂತೆಯೇ ಇದೆ ಅಂತ. ಚಳಿಗಾಲ ಪೂರ್ತಿ ಕೊರೆಯುವ ಥಂಡಿ, ಬಿಡದ ಮಳೆ. ದೇವರ ದಯೆ ಮತ್ತು ನಮ್ಮ ಹಣ ಇಲ್ಲದಿದ್ದರೆ ಎಷ್ಟೋ ಜನ ಹಸಿವಿಗೇ ಸಾಯುತ್ತಿದ್ದರು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ.

ಕೋಟೆಬಾಗಿಲು:

ಪತ್ರ ಚೆನ್ನಾಗಿದೆ, ಒಪ್ಪಿದೆ. ಆದರೆ ಅವನು ಮಾಡಿದ್ದು ಏನು ಅಂತ ನೇರವಾಗಿ ಹೇಳೋಣ.

ಜೂನ್ 2ರಂದು ಅವನು ಕಡಲ ತೀರದ ಅಲೆಕ್ಸಾಂಡ್ರೆಟ್ಟಾಗೆ ಹೋದ. 3ರ ಬೆಳಗಿನ ಜಾವ ಕ್ರುಸೇಡಿನ ಇನ್ನೊಬ್ಬ ನಾಯಕ ಬೊಹೆಮಂಡ್ ಒಳಗಿನವನೊಬ್ಬನ ಸಹಾಯದಿಂದ ಗೋಡೆ ಹತ್ತಿಸಿ ಊರು ಹಿಡಿದ. ಅದಾಗಿ ಎರಡೇ ದಿನದಲ್ಲಿ ಮೋಸುಲ್‌ನ ತುರ್ಕಿ ಒಡೆಯ ಕೆರ್ಬೋಗ ದೊಡ್ಡ ಸೈನ್ಯ ತಂದು ಊರನ್ನು ಸುತ್ತುವರಿದ. ನಿನ್ನೆ ತನಕ ಮುತ್ತಿಗೆ ಹಾಕಿದವರು ಇವತ್ತು ಮುತ್ತಿಗೆಯೊಳಗೆ. ಸ್ಟೀಫನ್ ಹತ್ತಿರದ ಗುಡ್ಡ ಹತ್ತಿ ನೋಡಿದ, ಕೆಳಗೆ ಲೆಕ್ಕವಿಲ್ಲದಷ್ಟು ಡೇರೆ. ಇಳಿದವನೇ ಇದ್ದದ್ದನ್ನೆಲ್ಲ ಕಟ್ಟಿಕೊಂಡು ಹೊರಟ.

ಇಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ದಾರಿಯಲ್ಲಿ, ಫಿಲೋಮೆಲಿಯಂ ಎಂಬಲ್ಲಿ, ಚಕ್ರವರ್ತಿ ಅಲೆಕ್ಸಿಯೋಸ್ ಸೈನ್ಯದೊಂದಿಗೆ ಎದುರಾದ. ಅವನು ಇವರ ನೆರವಿಗೆ ಬರುತ್ತಿದ್ದವನು. ಇವನು ಗುಟ್ಟಾಗಿ ಕರೆದು ಹೇಳಿದ್ದೇನು? ಅಲ್ಲಿ ಎಲ್ಲ ಮುಗಿದಿದೆ, ನಮ್ಮವರು ಇಷ್ಟು ಹೊತ್ತಿಗೆ ಸತ್ತಿರುತ್ತಾರೆ. ಚಕ್ರವರ್ತಿ ಹಿಂದಕ್ಕೆ ತಿರುಗಿದ. ಆ ಸೈನ್ಯದಲ್ಲಿ ಬೊಹೆಮಂಡನ ಮಲತಮ್ಮ ಗಿ ಇದ್ದ, ಅಣ್ಣ ಸತ್ತನೆಂದು ಎದೆ ಬಡಿದುಕೊಂಡು ಅತ್ತನಂತೆ. ಆ ಹೊತ್ತಿನಲ್ಲಿ ಅಂತಿಯೋಕ್ ಒಳಗೆ ಜನ ಅಂಜೂರದ ಎಲೆ, ಒಣಗಿದ ಕುದುರೆ ಒಂಟೆಗಳ ಚರ್ಮ ಬೇಯಿಸಿ ತಿನ್ನುತ್ತಿದ್ದರು. ನೀವೇ ಆರಿಸಿದ ನಾಯಕ ನಿಮ್ಮನ್ನು ಬದುಕಿರುವಾಗಲೇ ಸತ್ತವರ ಲೆಕ್ಕಕ್ಕೆ ಸೇರಿಸಿದರೆ ಹೇಗಿರುತ್ತದೆ? ಎಷ್ಟು ಮುದ್ದಾದ ಪತ್ರ ಬರೆದರೂ ಇದು ಅಳಿಯುವುದಿಲ್ಲ.

ತುಂಗಾತೀರ:

ಹಗ್ಗ ಕಟ್ಟಿ ಗೋಡೆಯಿಂದ ಇಳಿದು ಓಡಿದವರಲ್ಲಿ ಇವನೂ ಒಬ್ಬ ಅಂತ ಎಲ್ಲೋ ಓದಿದ ನೆನಪು.

ಹಳೆಕಡತ:

ಅದು ಬೇರೆ. ಹಗ್ಗ ಹಿಡಿದು ಇಳಿದವರು ಗ್ರಾನ್‌ಮೆನಿಲ್ ಮನೆತನದ ವಿಲಿಯಂ, ಅವನ ಅಣ್ಣತಮ್ಮಂದಿರು, ಇನ್ನೂ ಕೆಲವರು. ಕೆರ್ಬೋಗನ ಮುತ್ತಿಗೆ ಶುರುವಾದ ಮೇಲೆ ಊರೊಳಗಿಂದ ತಪ್ಪಿಸಿಕೊಂಡವರು. ಸ್ಟೀಫನ್ ಆಗ ಊರೊಳಗೆ ಇರಲೇ ಇಲ್ಲ. ಇವರು ಹೋಗಿ ಅವನನ್ನು ಸೇರಿಕೊಂಡು, ಒಳಗಿನ ಸ್ಥಿತಿಯನ್ನು ಕಪ್ಪಾಗಿ ಬಣ್ಣಿಸಿದರು.

ಕೋಟೆಬಾಗಿಲು ಅವರೇ, ನಿಮ್ಮ ಸಿಟ್ಟಿಗೆ ನನ್ನ ತಕರಾರಿಲ್ಲ. ಚಕ್ರವರ್ತಿಗೆ ಹೇಳಿದ ಮಾತು ನಿಜಕ್ಕೂ ದೊಡ್ಡ ತಪ್ಪು. ಆದರೆ ಆ ಸಂಭಾಷಣೆಯನ್ನು ನಮಗೆ ಇಷ್ಟು ವಿವರವಾಗಿ ಬರೆದವನು ಯಾರು ಅಂತ ನೋಡಿ. ಬೊಹೆಮಂಡನ ಪಡೆಯಲ್ಲಿದ್ದ, ಹೆಸರು ಹೇಳದ ಒಬ್ಬ ಲೇಖಕ. ಅವನು ಅಂತಿಯೋಕ್‌ನಲ್ಲಿದ್ದ, ಫಿಲೋಮೆಲಿಯಂನಲ್ಲಿ ಇರಲಿಲ್ಲ. ಗುಟ್ಟಾಗಿ ಆಡಿದ ಮಾತು ಅವನ ಕಿವಿಗೆ ಹೇಗೆ ಬಿತ್ತು? ಊರು ಗೆದ್ದರೆ ಚಕ್ರವರ್ತಿಗೆ ಒಪ್ಪಿಸಬೇಕು ಅಂತ ಇವರೆಲ್ಲ ಮಾತು ಕೊಟ್ಟಿದ್ದರು. ಆತ ಸಹಾಯಕ್ಕೆ ಬರಲಿಲ್ಲ, ಹಾಗಾಗಿ ಮಾತು ಮುರಿಯಿತು ಅಂತ ಹೇಳಿ ಬೊಹೆಮಂಡ್ ಅಂತಿಯೋಕನ್ನು ತಾನೇ ಇಟ್ಟುಕೊಂಡ. ಸ್ಟೀಫನ್‌ನ ಹೇಡಿತನ ಎಷ್ಟು ದೊಡ್ಡದಾದರೆ ಬೊಹೆಮಂಡನಿಗೆ ಅಷ್ಟು ಅನುಕೂಲ. ಚಕ್ರವರ್ತಿಯ ಮಗಳು ಆನ್ನಾ ಬರೆದ ಚರಿತ್ರೆಯಲ್ಲಿ ಇನ್ನೊಂದು ತುರ್ಕಿ ಸೈನ್ಯ ಬರುತ್ತಿದೆ ಅನ್ನುವ ಸುದ್ದಿಯೂ ತಂದೆ ಹಿಂದಿರುಗಲು ಕಾರಣ ಅಂತಿದೆ. ಅವಳಿಗೆ ಅವಳ ಅಪ್ಪನನ್ನು ಕಾಪಾಡಬೇಕಿತ್ತು, ಅದೂ ನಿಜ.

ಶಾರ್ತ್ರ್‌ನ ಫುಲ್ಷೇರ್ ಎಂಬ ಪಾದ್ರಿ ಸ್ಟೀಫನ್ ಜೊತೆಗೇ ಊರು ಬಿಟ್ಟವನು. ಅವನ ಮಾತು ಬೇರೆಯೇ ತೂಕದ್ದು. ಸ್ಟೀಫನ್ ಹೊರಟುಹೋದಾಗ ನಮಗೆಲ್ಲ ದುಃಖವಾಯಿತು, ಅವನು ಕುಲೀನ, ಯುದ್ಧದಲ್ಲಿ ಶೂರ ಅಂತ ಬರೆದು, ಒಳ್ಳೆಯ ಆರಂಭಕ್ಕೆ ಒಳ್ಳೆಯ ಮುಕ್ತಾಯ ಇಲ್ಲದಿದ್ದರೆ ಫಲವಿಲ್ಲ ಅನ್ನುತ್ತಾನೆ. ಬೈಗುಳಕ್ಕಿಂತ ಹೆಚ್ಚು ನೋವು ಕೊಡುವುದು ಇದು, ಊರಿನವನ ಮಾತು. ಅವನೂ ಆಗ ಅಂತಿಯೋಕ್‌ನಲ್ಲಿ ಇರಲಿಲ್ಲ, ಇನ್ನೊಬ್ಬ ನಾಯಕ ಬಾಲ್ಡ್‌ವಿನ್ ಜೊತೆ ಎಡೆಸ್ಸಾದಲ್ಲಿದ್ದ.

ಬಿಸಿಲುಮಳೆ:

ನೀವೆಲ್ಲ ಗಂಡನ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಕಥೆಯ ಬೆನ್ನೆಲುಬು ಅಡೇಲಾ ಅಂತ ನನ್ನ ನಂಬಿಕೆ.

1096ರಲ್ಲಿ ಅವನು ಹೊರಟಾಗ ಇಡೀ ಸೀಮೆಯ ಆಡಳಿತ ಅವಳ ಕೈಗೆ ಬಂತು. ಅವನು ಇರುವಾಗಲೂ ಸನ್ನದುಗಳಲ್ಲಿ ಅವಳ ಹೆಸರಿದೆ, ಹೋದ ಮೇಲೆ ಅವಳೇ ನ್ಯಾಯ ಕೇಳುತ್ತಾಳೆ, ಮಠಗಳಿಗೂ ಸಾಮಂತರಿಗೂ ನಡುವಿನ ಜಗಳ ಬಿಡಿಸುತ್ತಾಳೆ. ಶಾರ್ತ್ರ್‌ನ ಬಿಷಪ್ ಈವೋ ಸಾಮಾನ್ಯದವನಲ್ಲ, ಚರ್ಚಿನ ಕಾನೂನಿನಲ್ಲಿ ಆ ಕಾಲದ ದೊಡ್ಡ ತಲೆ. ಅವನ ಜೊತೆ ಸಲಹೆಯೂ ನಡೆಯುತ್ತಿತ್ತು, ಜಟಾಪಟಿಯೂ ನಡೆಯುತ್ತಿತ್ತು. 1105ರಲ್ಲಿ ಅವಳ ತಮ್ಮ, ಇಂಗ್ಲೆಂಡಿನ ರಾಜ ಹೆನ್ರಿಗೂ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್‌ಗೂ ಮಾತೇ ನಿಂತುಹೋಗಿತ್ತು. ಲೇಗ್ಲ್ ಎಂಬ ಊರಿನಲ್ಲಿ ಇಬ್ಬರನ್ನೂ ಮುಖಾಮುಖಿ ಕೂರಿಸಿದವಳು ಇವಳು. ಕವಿ ಬೋದ್ರಿ ಅವಳ ಮಲಗುವ ಮನೆಯನ್ನು ಬಣ್ಣಿಸಿ ಒಂದು ದೊಡ್ಡ ಲ್ಯಾಟಿನ್ ಕವಿತೆ ಬರೆದ: ಗೋಡೆಯ ಮೇಲಿನ ನೇಯ್ದ ಚಿತ್ರಗಳಲ್ಲಿ ಅವಳ ಅಪ್ಪ ಇಂಗ್ಲೆಂಡ್ ಗೆದ್ದ ಕಥೆ, ಮೇಲೆ ಚಾವಣಿಯಲ್ಲಿ ನಕ್ಷತ್ರ, ಕೆಳಗೆ ನೆಲದಲ್ಲಿ ಇಡೀ ಲೋಕದ ಭೂಪಟ. ಅಂಥ ಕೋಣೆ ಇತ್ತೋ, ಕವಿಯ ಕಲ್ಪನೆಯೋ, ಅವಳು ಇಂಥದ್ದನ್ನು ಓದಿ ಸವಿಯಬಲ್ಲವಳು ಅಂತ ಅವನಿಗೆ ಗೊತ್ತಿತ್ತು.

ಗಂಡ ಅರ್ಧ ದಾರಿಯಿಂದ ಬಂದಾಗ ಅವಳೇ ಚುಚ್ಚಿ ಚುಚ್ಚಿ ಮತ್ತೆ ಯುದ್ಧಕ್ಕೆ ಅಟ್ಟಿದಳು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಇದನ್ನು ಬರೆದವನು ಓರ್ಡೆರಿಕ್ ಎಂಬ ಸನ್ಯಾಸಿ. ನಾರ್ಮಂಡಿಯ ಸೇಂಟ್ ಎವ್ರೂಲ್ ಮಠದಲ್ಲಿದ್ದವನು, ಬರೆದದ್ದು ದಶಕಗಳ ನಂತರ. ಹಾಸಿಗೆಯಲ್ಲಿ ಮುದ್ದು ಮಾಡುತ್ತಲೇ ಅವಳು ಗಂಡನಿಗೆ ಹೇಳಿದ ಮಾತು ಅಂತ ಪೂರ್ತಿ ಭಾಷಣವನ್ನೇ ಕೊಡುತ್ತಾನೆ! ನಿನ್ನ ಯೌವನದ ಶೌರ್ಯ ನೆನೆಸಿಕೋ, ಜನರ ಮೂದಲಿಕೆ ಎಷ್ಟು ದಿನ ಸಹಿಸುತ್ತೀಯ ಅಂತ. ಮಠದ ಗೋಡೆಯೊಳಗಿದ್ದವನಿಗೆ ಆ ಕೋಣೆಯ ಮಾತು ತಿಳಿಯಲು ದಾರಿಯೇ ಇಲ್ಲ. ಅವಳು ಹಾಗೆ ಹೇಳಿರಲೂಬಹುದು. ಆದರೆ ಗಂಡನ ಸಾವಿಗೆ ಹೆಂಡತಿಯ ನಾಲಿಗೆಯನ್ನು ಹೊಣೆ ಮಾಡುವುದು ನಮ್ಮ ಬೀದಿಯಲ್ಲೂ ನಡೆಯುವ ಕೆಲಸ, ಅದನ್ನು ಸಾಕ್ಷಿ ಇಲ್ಲದೆ ಒಪ್ಪಬಾರದು.

ಹಳೆಕಡತ:

ನೂರಕ್ಕೆ ನೂರು ಒಪ್ಪುತ್ತೇನೆ. ಮೂದಲಿಕೆಗಿಂತ ಗಟ್ಟಿಯಾದ ಕಾರಣ ಒಂದಿತ್ತು, ಅದು ಹರಕೆ. ಶಿಲುಬೆಯ ಗುರುತನ್ನು ಬಟ್ಟೆಗೆ ಹೊಲಿಸಿಕೊಂಡವನು ಜೆರುಸಲೇಮಿನ ಯೇಸುವಿನ ಸಮಾಧಿ ಚರ್ಚಿನವರೆಗೆ ಹೋಗಿ ಬರುತ್ತೇನೆ ಅಂತ ಹರಕೆ ಹೊತ್ತವನು. ನಮ್ಮಲ್ಲಿ ಹರಕೆ ಹೊತ್ತು ತೀರಿಸದಿದ್ದರೆ ಮನೆಯವರಿಗೆಲ್ಲ ಕೇಡು ಅನ್ನುವ ಭಯ ಇದೆಯಲ್ಲ, ಅಲ್ಲಿ ಅದಕ್ಕೆ ಚರ್ಚಿನ ಕಾನೂನೇ ಇತ್ತು. 1099ರಲ್ಲಿ ಪೋಪ್ ಆದ ಎರಡನೇ ಪಾಸ್ಕಲ್, ಅರ್ಧಕ್ಕೆ ಬಿಟ್ಟು ಬಂದವರು ಮತ್ತೆ ಹೋಗದಿದ್ದರೆ ಬಹಿಷ್ಕಾರ ಅಂದ. 1099ರ ಜುಲೈ 15ರಂದು ಜೆರುಸಲೇಮ್ ಗೆದ್ದ ಸುದ್ದಿ ಬಂದ ಮೇಲಂತೂ, ಗೆದ್ದು ಬಂದವರು ಒಂದು ಕಡೆ, ಇವನು ಒಂದು ಕಡೆ. ಫ್ರಾನ್ಸಿನ ರಾಜನ ತಮ್ಮ ಹ್ಯೂ ಕೂಡ ಹೀಗೆಯೇ ಅರ್ಧದಲ್ಲಿ ಬಂದವನು. ಅವನೂ 1101ರಲ್ಲಿ ಮತ್ತೆ ಹೊರಟ, ಟಾರ್ಸಸ್‌ನಲ್ಲಿ ಗಾಯಗಳಿಂದ ಸತ್ತ.

ಓದುಗೂಡು:

ನಾನು ಕೆಲಸಕ್ಕಾಗಿ ಮೂರು ವರ್ಷ ಫ್ರಾನ್ಸಿನಲ್ಲಿದ್ದೆ. ಶಾರ್ತ್ರ್‌ಗೆ ಎರಡು ಸಲ ಹೋಗಿದ್ದೇನೆ. ಎಲ್ಲರೂ ನೋಡುವ ಆ ನೀಲಿ ಗಾಜಿನ ಚರ್ಚ್ ಸ್ಟೀಫನ್ ಕಂಡದ್ದಲ್ಲ, ಅವನ ಕಾಲದ್ದು 1194ರ ಬೆಂಕಿಯಲ್ಲಿ ಹೋಯಿತು. ಆದರೆ ನೆಲಮಾಳಿಗೆ ಉಳಿದಿದೆ, 1020ರ ಬೆಂಕಿಯ ನಂತರ ಬಿಷಪ್ ಫುಲ್ಬೇರ್ ಕಟ್ಟಿಸಿದ್ದು. ಇಳಿದರೆ ಉದ್ದಕ್ಕೆ ಕಮಾನಿನ ಓಣಿ, ಕಡುಬೇಸಿಗೆಯಲ್ಲೂ ತಣ್ಣಗೆ, ಗೋಡೆ ಮುಟ್ಟಿದರೆ ಕೈಗೆ ತೇವ ಹತ್ತುತ್ತದೆ. ಸ್ಟೀಫನ್ ಮತ್ತು ಅಡೇಲಾರ ಮದುವೆ ಶಾರ್ತ್ರ್‌ನಲ್ಲೇ ಆದದ್ದು ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ಹೊತ್ತು ನಿಲ್ಲುತ್ತಿದ್ದೆ.

ದಕ್ಷಿಣಕನ್ನಡಿ:

ಎಳೆ ಪೂರ್ತಿ ಓದಿದೆ. ಒಂದು ಮಾತು ಹೇಳಲೇಬೇಕು. ಗಂಡ ಹೆಂಡಿರ ಪ್ರೀತಿ, ಹರಕೆ, ಚಳಿ ಮಳೆ ಎಲ್ಲ ಸರಿ. ಅಂತಿಯೋಕ್ ಒಳಗೂ ಗಂಡ ಹೆಂಡಿರು ಮಕ್ಕಳು ಇದ್ದರು. ಜೂನ್ 3ರ ಬೆಳಿಗ್ಗೆ ಊರು ಬಿದ್ದಾಗ ಸಿಕ್ಕವರನ್ನೆಲ್ಲ ಕೊಂದರು, ಬೀದಿಯಲ್ಲಿ ಹೆಣ ದಾಟದೆ ನಡೆಯಲು ಆಗುತ್ತಿರಲಿಲ್ಲ ಅಂತ ಗೆದ್ದವರೇ ಬರೆದಿದ್ದಾರೆ. ಮುಂದಿನ ವರ್ಷ ಜೆರುಸಲೇಮಿನಲ್ಲಿ ಮುಸಲ್ಮಾನರಿಗೂ ಯಹೂದಿಗಳಿಗೂ ಅದೇ ಗತಿ. ಆ ಮನೆಗಳ ಮಾತು ಈ ಎಳೆಯಲ್ಲಿ ಎಲ್ಲೂ ಬಂದಿಲ್ಲ.

ಹಳೆಕಡತ:

ನೀವು ಹೇಳಿದ್ದು ಪತ್ರದೊಳಗೇ ಇದೆ. ನಾನೇ ಮೊದಲು ಹೇಳಬೇಕಿತ್ತು, ಬಿಟ್ಟೆ, ತಪ್ಪಾಯಿತು. ಅಂತಿಯೋಕ್ ಪತ್ರದ ಕೊನೆಗೆ ಬರುವ ಮಾತು: ಈಸ್ಟರ್ ಮಾರನೆಯ ದಿನ ಪಾದ್ರಿ ಅಲೆಕ್ಸಾಂಡರ್ ಅವಸರವಸರವಾಗಿ ಈ ಪತ್ರ ಬರೆಯುತ್ತಿದ್ದಾನೆ. ಅದೇ ಹೊತ್ತಿಗೆ ಹೊಂಚು ಹಾಕಿ ಕೂತಿದ್ದ ಇವರ ಕಡೆಯವರು ಅರವತ್ತು ತುರ್ಕಿ ಸವಾರರನ್ನು ಕೊಂದು ಅಷ್ಟೂ ತಲೆಗಳನ್ನು ಶಿಬಿರಕ್ಕೆ ತಂದರು. ಅದನ್ನೂ ಒಳ್ಳೆಯ ಸುದ್ದಿ ಅಂತ ಅದೇ ಪತ್ರಕ್ಕೆ ಸೇರಿಸಿದ್ದಾನೆ. ಪ್ರೀತಿಯ ಮಡದಿಗೆ, ಮುದ್ದು ಮಕ್ಕಳಿಗೆ ಅಂತ ಶುರುವಾದ ಪತ್ರ ಅದು. ಮೊದಲ ಸಲ ಓದಿದಾಗ ಅಲ್ಲಿಗೇ ಮುಚ್ಚಿಟ್ಟು ಎದ್ದುಹೋಗಿದ್ದೆ. ಅವನನ್ನು ಒಳ್ಳೆಯವನು ಅಂತ ತೋರಿಸಲು ನಾನು ಬಂದಿಲ್ಲ. ಅವನ ಮನೆಯ ಒಲವೂ ಈ ತಲೆಗಳೂ ಒಂದೇ ಹಾಳೆಯ ಮೇಲೆ ಇವೆ, ಒಂದನ್ನು ಹರಿದು ಇನ್ನೊಂದನ್ನು ಓದಲು ಬರುವುದಿಲ್ಲ.

ಕೋಟೆಬಾಗಿಲು:

ಇದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಗೌರವ ಹೆಚ್ಚಿತು. ಈಗ ಎರಡನೇ ಪ್ರಯಾಣದ ಕಥೆ ಹೇಳಿ. ರಾಮ್ಲಾದಲ್ಲಿ ಸತ್ತ ಅನ್ನುವುದಷ್ಟೇ ನನಗೆ ಗೊತ್ತು.

ಹಳೆಕಡತ:

1101ರಲ್ಲಿ ಹೊರಟ. ಜೊತೆಗೆ ಬರ್ಗಂಡಿಯ ಇನ್ನೊಬ್ಬ ಸ್ಟೀಫನ್, ದಾರಿಯಲ್ಲಿ ಸೇರಿಕೊಂಡ ಲೊಂಬಾರ್ಡಿಯ ದೊಡ್ಡ ಗುಂಪು. ಆ ಹೊತ್ತಿಗೆ ಬೊಹೆಮಂಡ್ ತುರ್ಕರ ಸೆರೆಯಲ್ಲಿದ್ದ. ಅವನನ್ನು ಬಿಡಿಸಬೇಕು ಅಂತ ಲೊಂಬಾರ್ಡರು ಪಟ್ಟು ಹಿಡಿದು ಈಶಾನ್ಯಕ್ಕೆ ತಿರುಗಿದರು. ಹಳೆಯ, ಕಂಡ ದಾರಿಯಲ್ಲೇ ಹೋಗೋಣ ಅಂತ ಸ್ಟೀಫನ್ ಹೇಳಿದ್ದು ನಡೆಯಲಿಲ್ಲ. ಆಗಸ್ಟಿನಲ್ಲಿ ಮೆರ್ಸಿವಾನ್ ಹತ್ತಿರ ಇಡೀ ಪಡೆ ನುಚ್ಚುನೂರಾಯಿತು. ಇವನು ಬದುಕಿಕೊಂಡು ಕಾನ್‌ಸ್ಟಾಂಟಿನೋಪಲ್‌ಗೆ ಬಂದ. ಊರಿಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಹೋಗಲಿಲ್ಲ. ಮುಂದುವರಿದು, ದಾರಿಯಲ್ಲಿ ಟೋರ್ಟೋಸಾ ಗೆಲ್ಲುವುದರಲ್ಲಿ ಕೈಜೋಡಿಸಿ, 1102ರ ಈಸ್ಟರ್ ಹಬ್ಬಕ್ಕೆ ಜೆರುಸಲೇಮ್ ತಲುಪಿದ.

ಅಲ್ಲಿಗೆ ಹರಕೆ ತೀರಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅವನ ಬಗ್ಗೆ ಬರೆಯುವವರು ಇಲ್ಲಿ ಓಡಿಬಿಡುತ್ತಾರೆ. ಇನ್ನು ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಜಾಫಾಗೆ ಬಂದು ಊರಿಗೆ ಹಡಗು ಹತ್ತಿದ. ಎದುರುಗಾಳಿ ಹಡಗನ್ನು ಮತ್ತೆ ಅದೇ ದಡಕ್ಕೆ ತಂದು ಬಿಟ್ಟಿತು.

ಅಷ್ಟರಲ್ಲಿ ಈಜಿಪ್ಟಿನ ಫಾತಿಮಿದ್ ಸೈನ್ಯ ರಾಮ್ಲಾ ಬಯಲಿಗೆ ಬಂದಿದೆ ಅನ್ನುವ ಸುದ್ದಿ. ಈಗ ಜೆರುಸಲೇಮಿನ ರಾಜನಾಗಿದ್ದ ಬಾಲ್ಡ್‌ವಿನ್ ಅದನ್ನು ಸಣ್ಣ ತುಕಡಿ ಅಂದುಕೊಂಡು, ಪದಾತಿಗಳಿಗೂ ಕಾಯದೆ, ಇನ್ನೂರು ಸವಾರರನ್ನಷ್ಟೇ ಕಟ್ಟಿಕೊಂಡು ನುಗ್ಗಿದ. ಊರಿಗೆ ಹೋಗಲು ನಿಂತಿದ್ದ ಇಬ್ಬರು ಸ್ಟೀಫನ್‌ಗಳೂ ಜೊತೆಗೆ ಹೋದರು. ಎದುರಿಗೆ ಕಂಡದ್ದು ಸಾವಿರಾರು ಜನರ ಸೈನ್ಯ. ಅದು 1102ರ ಮೇ 17. ಉಳಿದವರು ರಾಮ್ಲಾದ ಬುರುಜಿನೊಳಗೆ ಸೇರಿಕೊಂಡರು. ರಾತ್ರಿ ರಾಜ ತಪ್ಪಿಸಿಕೊಂಡು ಆರ್ಸುಫ್ ಮುಟ್ಟಿದ. ಸ್ಟೀಫನ್ ಬುರುಜಿನಲ್ಲೇ ಉಳಿದ, ಮೇ 19ರಂದು ಸತ್ತ. ಬರ್ಗಂಡಿಯ ಸ್ಟೀಫನ್ ಕೂಡ ಉಳಿಯಲಿಲ್ಲ.

ಅಂತಿಯೋಕ್‌ನ ಗುಡ್ಡದ ಮೇಲೆ ನಿಂತು ಡೇರೆಗಳನ್ನು ಕಂಡು ಓಡಿದವನೂ ಇವನೇ, ಓಡಬೇಕಾದ ಅಗತ್ಯವೂ ಇಲ್ಲದೆ ನೇರ ಮನೆಗೆ ಹೋಗಬಹುದಾಗಿದ್ದಾಗ ಕುದುರೆ ಹತ್ತಿದವನೂ ಇವನೇ.

ತುಂಗಾತೀರ:

ಮಕ್ಕಳ ಗತಿ ಏನಾಯಿತು? ಅಡೇಲಾ ಒಬ್ಬಳೇ ಬೆಳೆಸಿದಳಾ?

ಬಿಸಿಲುಮಳೆ:

ಒಬ್ಬಳೇ. ಹದಿನೆಂಟು ವರ್ಷ ಅವಳೇ ಮನೆಯ ಯಜಮಾನಿ, ಸೀಮೆಯ ಯಜಮಾನಿ.

ಹಿರಿಯ ಮಗ ವಿಲಿಯಂ. ಅವನನ್ನು ಪಕ್ಕಕ್ಕಿಟ್ಟು ಎರಡನೆಯವನಾದ ತಿಬೋಗೆ ಪಟ್ಟ ಕೊಟ್ಟಳು. ವಿಲಿಯಂ ಹೆಂಡತಿಯ ಆಸ್ತಿಯಾದ ಸುಲ್ಲಿಗೆ ಹೋಗಿ ಅಲ್ಲೇ ನೆಲೆಸಿದ. ಹಿರಿಯನನ್ನು ಬಿಟ್ಟದ್ದು ತಾಯಿಗೆ ಸುಲಭದ ತೀರ್ಮಾನ ಆಗಿರಲಾರದು, ಆದರೆ ತಿಬೋ ಅವಳ ಆಯ್ಕೆಯನ್ನು ಉಳಿಸಿಕೊಂಡ: ಶಾಂಪೇನ್ ಕೂಡ ಅವನ ಕೈಗೆ ಬಂತು, ಅಲ್ಲಿನ ಜಾತ್ರೆಗಳು ಯೂರೋಪಿನ ವ್ಯಾಪಾರದ ಕೇಂದ್ರವಾಗುವ ಹಾಗೆ ಪೋಷಿಸಿದ. ಅಪ್ಪನ ಹೆಸರೇ ಇಟ್ಟುಕೊಂಡ ಮಗ ಸ್ಟೀಫನ್‌ನನ್ನು ಇಂಗ್ಲೆಂಡಿಗೆ, ತನ್ನ ತಮ್ಮ ಹೆನ್ರಿ ರಾಜನ ಹತ್ತಿರ ಬೆಳೆಯಲು ಕಳಿಸಿದಳು. ಇನ್ನೊಬ್ಬ ಮಗ ಹೆನ್ರಿಯನ್ನು ಕ್ಲುನಿ ಮಠಕ್ಕೆ ಕೊಟ್ಟಳು. ಅವನು ಗ್ಲಾಸ್ಟನ್‌ಬರಿಯ ಮಠಾಧಿಪತಿ, 1129ರಿಂದ 1171ರವರೆಗೆ ವಿಂಚೆಸ್ಟರ್‌ನ ಬಿಷಪ್.

1120ರಲ್ಲಿ ಅಡೇಲಾ ಅಧಿಕಾರ ಬಿಟ್ಟು ಮಾರ್ಸಿನ್ಯಿಯ ಸನ್ಯಾಸಿನಿಯರ ಮಠ ಸೇರಿದಳು. ಅದೇ ವರ್ಷ ನವೆಂಬರ್ 25ರ ರಾತ್ರಿ ನಾರ್ಮಂಡಿಯ ತೀರದಲ್ಲಿ "ಬಿಳಿ ಹಡಗು" ಬಂಡೆಗೆ ಬಡಿದು ಮುಳುಗಿತು. ಇಂಗ್ಲೆಂಡಿನ ಯುವರಾಜ ಸತ್ತದ್ದು ಅದರಲ್ಲೇ. ಅಡೇಲಾಳ ಮಗಳು ಮಟಿಲ್ಡಾ, ಅಳಿಯ ಚೆಸ್ಟರ್‌ನ ಅರ್ಲ್ ರಿಚರ್ಡ್, ಇಬ್ಬರೂ ಅದರಲ್ಲೇ ಹೋದರು. ಮಗ ಸ್ಟೀಫನ್ ಹೊಟ್ಟೆ ಕೆಟ್ಟು ಹಡಗಿನಿಂದ ಇಳಿದಿದ್ದ ಅಂತ ಅದೇ ಓರ್ಡೆರಿಕ್ ಬರೆಯುತ್ತಾನೆ. ಒಂದೇ ರಾತ್ರಿ ಒಂದು ಮಗು ಕಳೆದುಕೊಂಡು ಇನ್ನೊಂದು ಉಳಿದದ್ದು.

ಹಳೆಕಡತ:

ಆ ಉಳಿದ ಮಗನೇ 1135ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಜನಾದದ್ದು. ಅವನ ಆಳ್ವಿಕೆ ಪೂರ್ತಿ ಸೋದರಮಾವನ ಮಗಳು ಮಟಿಲ್ಡಾ ಜೊತೆ ಸಿಂಹಾಸನದ ಜಗಳ, 1153ರ ಒಪ್ಪಂದದವರೆಗೆ ದೇಶಕ್ಕೆ ನೆಮ್ಮದಿ ಇರಲಿಲ್ಲ.

ಅವನ ಮದುವೆಯ ಸಂಬಂಧ ನೋಡಿ. ಹೆಂಡತಿ ಬೊಲೋನ್‌ನ ಮಟಿಲ್ಡಾ. ಅವಳ ಅಪ್ಪ ಯೂಸ್ಟೆಸ್ ಜೆರುಸಲೇಮ್ ಗೋಡೆ ದಾಟಿದವರಲ್ಲಿ ಮುಂಚೂಣಿಯವನು. ಅವಳ ಚಿಕ್ಕಪ್ಪಂದಿರು ಯಾರು? ಗೆದ್ದ ಜೆರುಸಲೇಮನ್ನು ಮೊದಲು ಆಳಿದ ಗಾಡ್‌ಫ್ರೇ ಮತ್ತು ರಾಜ ಬಾಲ್ಡ್‌ವಿನ್. ಅಂದರೆ ರಾಮ್ಲಾದ ಬುರುಜಿನಿಂದ ತಪ್ಪಿಸಿಕೊಂಡ ರಾಜನ ಅಣ್ಣನ ಮಗಳು, ಅದೇ ಬುರುಜಿನಲ್ಲಿ ಉಳಿದು ಸತ್ತವನ ಸೊಸೆಯಾದಳು.

ಓದುಗೂಡು:

ಮುಂದಿನ ತಲೆಮಾರುಗಳೂ ಹೋದರು. ತಿಬೋನ ಮೊಮ್ಮಗ, ಶಾಂಪೇನ್‌ನ ಎರಡನೇ ಹೆನ್ರಿ, 1192ರಲ್ಲಿ ಜೆರುಸಲೇಮ್ ರಾಜ್ಯದ ಆಡಳಿತ ವಹಿಸಿಕೊಂಡ. ಆಗ ರಾಜಧಾನಿ ಏಕರ್, ಜೆರುಸಲೇಮ್ ಸಲಾದೀನನ ಕೈಯಲ್ಲಿತ್ತು. 1197ರಲ್ಲಿ ಏಕರ್‌ನ ಅರಮನೆಯ ಕಿಟಕಿಯಿಂದ ಬಿದ್ದು ಸತ್ತ. ತಿಬೋನ ಮಗಳು ಅಡೇಲ್ ಫ್ರಾನ್ಸಿನ ರಾಣಿ, ಅವಳ ಮಗ ಫಿಲಿಪ್ ಕೂಡ ಮೂರನೇ ಕ್ರುಸೇಡಿಗೆ ಹೋದವನೇ. ಅಜ್ಜಿಯ ಹೆಸರು ಮೊಮ್ಮಗಳಿಗೆ ಬಂದದ್ದು ನೋಡಿ.

ಕಾವೇರಿಕೂಸು:

ಒಂದೇ ಪ್ರಶ್ನೆ ಉಳಿದಿದೆ. ಅಂತಿಯೋಕ್ ಪತ್ರ ಹೇಗೆ ಮುಗಿಯುತ್ತದೆ? ನಮ್ಮಪ್ಪನ ಪತ್ರಗಳು "ಹೆಚ್ಚಿಗೆ ಬರೆಯಲು ವೇಳೆ ಇಲ್ಲ" ಅಂತ ಮುಗಿಯುತ್ತಿದ್ದವು.

ಹಳೆಕಡತ:

ಬಹಳ ಹತ್ತಿರ ಬಂದಿರಿ ಮೇಡಂ. ನಾವು ಮಾಡಿದ್ದರಲ್ಲಿ ಸ್ವಲ್ಪವನ್ನೇ ಬರೆದಿದ್ದೇನೆ, ಮನಸ್ಸಿನಲ್ಲಿ ಇರುವುದನ್ನೆಲ್ಲ ಹೇಳಲು ಆಗುತ್ತಿಲ್ಲ ಅನ್ನುತ್ತಾನೆ. ಆಮೇಲೆ ಅವಳಿಗೆ ಕೆಲಸಗಳನ್ನು ಒಪ್ಪಿಸುತ್ತಾನೆ: ಜಮೀನನ್ನು ಚೆನ್ನಾಗಿ ನೋಡಿಕೋ, ಮಕ್ಕಳನ್ನೂ ನಿನ್ನ ಜನರನ್ನೂ ಮರ್ಯಾದೆಯಿಂದ ನಡೆಸಿಕೋ. ಬರಲು ಸಾಧ್ಯವಾದ ಕೂಡಲೇ ನನ್ನನ್ನು ಖಂಡಿತ ನೋಡುತ್ತೀಯ. ಕೊನೆಯ ಪದ ಲ್ಯಾಟಿನ್‌ನಲ್ಲಿ "ವಾಲೆ", ಚೆನ್ನಾಗಿರು ಅಂತ ಅರ್ಥ. ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಕನ್ನಡಕ್ಕೆ ಮಾಡಿಕೊಳ್ಳುವಾಗ "ಬರ್ತೀನಿ" ಅಂತ ಬರೆದುಕೊಂಡೆ.